ಕುಖ್ಯಾತರ ಕಾಗದ, ಸಹಿ, ವಸ್ತುಗಳ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನವನು. ಹಳೇ ಕಾಗದ ಕೂಡಿಡುವ ಹವ್ಯಾಸಕ್ಕೆ ಬಿದ್ದು ಹದಿನೆಂಟು ವರ್ಷ ಆಯಿತು. ಸಾಹಿತಿಗಳ ಸಹಿಯಿಂದ ಶುರುವಾಯಿತು. ನಿಧಾನವಾಗಿ ಅಪರಾಧದ ಚರಿತ್ರೆಯ ಕಡೆ ತಿರುಗಿತು. ದರೋಡೆಕೋರರು, ಕೊಲೆಗಾರರು, ಮೋಸಗಾರರು ಬರೆದ ಕಾಗದ, ಅವರ ಪತ್ತೆಗೆ ಅಂಟಿಸಿದ ಪೋಸ್ಟರ್, ತೀರ್ಪಿನ ಪ್ರತಿ, ಆ ದಿನದ ಪತ್ರಿಕೆ. ಇದನ್ನು ಹೇಳಿದ ಕೂಡಲೇ ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಪ್ರಶ್ನೆಗಳು ಬರುತ್ತವೆ. ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು.

ಇಂಥವರ ಕಾಗದ ಯಾಕೆ? ಒಳ್ಳೆಯವರು ಯಾರೂ ಸಿಗಲಿಲ್ವಾ?

ಇದನ್ನು ಮೊದಲು ಕೇಳಿದ್ದು ನಮ್ಮಮ್ಮ. ನ್ಯಾಯವಾದ ಪ್ರಶ್ನೆ.

ಕಥೆ ಕೇಳುವಾಗ ಅಪರಾಧಿ ಒಬ್ಬ ಪಾತ್ರಧಾರಿ ಆಗಿಬಿಡುತ್ತಾನೆ. ಮೀಸೆ, ಬಂದೂಕು, ಕಾಡು, ಓಟ. ಅವನ ಕಾಗದ ಎದುರಿಗಿಟ್ಟುಕೊಂಡರೆ ಆ ಬಣ್ಣ ಕಳಚುತ್ತದೆ. ಅಲ್ ಕಪೋನ್ ಷಿಕಾಗೋ ನಗರವನ್ನೇ ನಡುಗಿಸಿದವನು. ಕೊನೆಗೆ ತೆರಿಗೆ ವಂಚನೆಯ ಮೇಲೆ 1931ರಲ್ಲಿ ಅವನಿಗೆ 11 ವರ್ಷ ಶಿಕ್ಷೆ ಆಯಿತು. ಆಲ್ಕಟ್ರಾಜ್ ಜೈಲಿನಿಂದ ಅವನು ಮಗನಿಗೆ ಬರೆದ ಕಾಗದ ಒಂದಿದೆ. ಕೊನೆಯಲ್ಲಿ ಅಪ್ಪ ಅಂತ ಬರೆದು, ಹೆಸರು ಹಾಕಿ, ಪಕ್ಕದಲ್ಲೇ 85 ಅಂತ ತನ್ನ ಕೈದಿ ನಂಬರನ್ನೂ ಬರೆದಿದ್ದಾನೆ. ನಾನು ಅದರ ಚಿತ್ರವನ್ನಷ್ಟೇ ನೋಡಿದವನು. ಆದರೂ ಬಹಳ ಹೊತ್ತು ಕಣ್ಣು ತೆಗೆಯಲು ಆಗಲಿಲ್ಲ. ಮಗನನ್ನು ಇಷ್ಟು ಪ್ರೀತಿಸಿದ ಮನುಷ್ಯ ಎಷ್ಟೋ ಮಕ್ಕಳಿಗೆ ಅಪ್ಪ ಇಲ್ಲದ ಹಾಗೆ ಮಾಡಿದ. ಓದಿ ತಿಳಿದಿದ್ದ ಈ ಮಾತು ಆವತ್ತು ಮನಸ್ಸಿಗೆ ನಾಟಿತು.

ನನ್ನ ಮೊದಲ ನಿಯಮ ಇದು. ಅಪರಾಧಿಯ ಕಾಗದ ಫೈಲಿಗೆ ಸೇರುವ ಮೊದಲು, ಅವನಿಂದ ಸತ್ತವರ ಬಗ್ಗೆ ಒಂದು ಹಾಳೆ ಆ ಫೈಲಿನಲ್ಲಿ ಇರಬೇಕು. ಹೆಸರೇನು, ಯಾವ ಊರು, ಏನು ಕೆಲಸ ಮಾಡುತ್ತಿದ್ದರು. ಆ ಹಾಳೆ ತುಂಬಿಸಲು ಆಗದಿದ್ದರೆ ನಾನು ಕಾಗದ ಕೊಳ್ಳುವುದಿಲ್ಲ. ಬಿಟ್ಟುಬಿಡುತ್ತೇನೆ, ಎಷ್ಟೇ ಅಗ್ಗವಾಗಿ ಸಿಕ್ಕರೂ.

ವೀರಪ್ಪನ್ ಬರೆದದ್ದು ಏನಾದರೂ ಇದೆಯಾ?

ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯವರು ಕೇಳುವ ಮೊದಲ ಪ್ರಶ್ನೆಯೇ ಇದು. ಇಲ್ಲ. ನೀವೂ ಹುಡುಕಬೇಡಿ. ಅವನು ಕಾಗದ ಬರೆಯುವ ಮನುಷ್ಯ ಆಗಿರಲಿಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಎಳೆದೊಯ್ದಾಗ ಅವನ ಮಾತು ಊರಿಗೆ ಬಂದದ್ದು ಕ್ಯಾಸೆಟ್ಟಿನಲ್ಲಿ. ಆ 108 ದಿನ ನಾಡು ಕಾದದ್ದೂ ಕ್ಯಾಸೆಟ್ಟಿಗಾಗಿಯೇ. ಹಾಗಿರುವಾಗ ಅವನ ಸಹಿ ಇರುವ ಕಾಗದ ಅಂತ ಯಾರಾದರೂ ತಂದರೆ ಮೊದಲು ಅನುಮಾನ ಪಡಿ.

ಒಮ್ಮೆ ನನ್ನ ಹತ್ತಿರವೂ ಅಂಥದ್ದೊಂದು ಬಂದಿತ್ತು. 1992 ಅಂತ ತಾರೀಕು. ಒಳಗೆ ಊರಿನ ಹೆಸರಿನ ಕೆಳಗೆ ಚಾಮರಾಜನಗರ ಜಿಲ್ಲೆ ಅಂತ ಬರೆದಿತ್ತು. ಚಾಮರಾಜನಗರ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ವೀರಪ್ಪನ್ ಊರು ಗೋಪಿನಾಥಂ ಕೂಡ ಮೈಸೂರು ಜಿಲ್ಲೆಯೇ. ಐದು ವರ್ಷ ಮುಂಚೆ ಜಿಲ್ಲೆಯ ಹೆಸರು ಬರೆಯಲು ಯಾರಿಂದ ಸಾಧ್ಯ? ಕಾಗದ ತಂದವರಿಗೆ ಇದನ್ನು ತೋರಿಸಿದೆ. ಮಾತಾಡದೆ ಮಡಿಸಿಕೊಂಡು ಹೋದರು.

ವೀರಪ್ಪನ್ ಪ್ರಕರಣದ ಫೈಲ್ ನನ್ನ ಹತ್ತಿರ ಇದೆ. ಆದರೆ ಅದರ ಮೊದಲ ಪುಟದಲ್ಲಿ ಅವನಿಲ್ಲ. ಅರಣ್ಯ ಅಧಿಕಾರಿ ಪಿ. ಶ್ರೀನಿವಾಸ್ ಇದ್ದಾರೆ. ಶರಣಾಗುತ್ತಾನೆ ಅನ್ನೋ ನಂಬಿಕೆಯ ಮೇಲೆ ಆಯುಧ ಇಲ್ಲದೆ ಹೋದವರು ಅವರು. 1991ರ ನವೆಂಬರ್ 10ರಂದು ಕೊಂದರು. ಗೋಪಿನಾಥಂ ಜನ ಇಂದಿಗೂ ಮಾರಮ್ಮನ ಗುಡಿಯಲ್ಲಿ ಅವರ ಫೋಟೊ ಇಟ್ಟು ಕೈ ಮುಗಿಯುತ್ತಾರೆ. ಆ ಗುಡಿ ಕಟ್ಟಲು ನಿಂತವರೂ ಶ್ರೀನಿವಾಸ್ ಅವರೇ. ಎರಡನೇ ಪುಟದಲ್ಲಿ 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಸತ್ತ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್. ಮೂರನೆಯದು 1993ರ ಏಪ್ರಿಲ್ 9, ಪಾಲಾರ್. ನೆಲಬಾಂಬಿಗೆ 22 ಜನ ಹೋದರು.

ಆ ಫೈಲಿನಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ತೀರ್ಪಿನ ಪ್ರತಿ. ರಾಜ್‌ಕುಮಾರ್ ಅವರನ್ನು ಬಿಡಿಸಲು ಟಾಡಾ ಅನ್ನೋ ಭಯೋತ್ಪಾದನೆ ತಡೆ ಕಾಯ್ದೆಯಡಿ ಸೆರೆಯಲ್ಲಿದ್ದವರ ಮೇಲಿನ ಆರೋಪ ಕೈಬಿಡಲು ಸರ್ಕಾರ ಮುಂದಾಗಿತ್ತು. ಮೈಸೂರಿನ ವಿಶೇಷ ನ್ಯಾಯಾಲಯವೂ ಒಪ್ಪಿಗೆ ಕೊಟ್ಟಿತ್ತು. ಇಡೀ ನಾಡು ಅಣ್ಣಾವ್ರು ಬಂದರೆ ಸಾಕು ಅಂತ ಕಾಯುತ್ತಿದ್ದ ಹೊತ್ತು. ಆಗ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಒಬ್ಬರೇ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ಕೋರ್ಟು ಆ ಒಪ್ಪಿಗೆಯನ್ನು ರದ್ದು ಮಾಡಿತು. ಮಗನನ್ನು ಕಳೆದುಕೊಂಡ ಅಪ್ಪ ಹೂಡಿದ ಮೊಕದ್ದಮೆಯ ತೀರ್ಪು ಅದು. ಅದರ ಮೇಲೆ ಕುಖ್ಯಾತರ ಸಹಿ ಇಲ್ಲ, ಹರಾಜಿನಲ್ಲಿ ಅದಕ್ಕೆ ಬೆಲೆಯೂ ಇಲ್ಲ. ನನ್ನ ಸಂಗ್ರಹದಲ್ಲಿ ಮಾತ್ರ ಅದಕ್ಕೇ ಮೊದಲ ಜಾಗ.

ನಕಲಿ ಅಂತ ಗೊತ್ತಾಗೋದು ಹೇಗೆ?

ಈ ಹವ್ಯಾಸದಲ್ಲಿ ಅರ್ಧ ಕೆಲಸ ಇದೇ. ನಾನೂ ಮೋಸ ಹೋಗಿದ್ದೇನೆ, ಅದನ್ನೇ ಮೊದಲು ಹೇಳುತ್ತೇನೆ.

ಶುರುವಿನ ದಿನಗಳಲ್ಲಿ ಒಬ್ಬ ವ್ಯಾಪಾರಿ ನಟವರಲಾಲ್ ಬರೆದದ್ದು ಅಂತ ಒಂದು ಇನ್‌ಲ್ಯಾಂಡ್ ಕಾಗದ ತೋರಿಸಿದರು. ತಾಜ್ ಮಹಲನ್ನೇ ಮಾರಿದ ಅಂತ ಕಥೆ ಇರುವ, ಬಿಹಾರದ ಸಿವಾನ್ ಜಿಲ್ಲೆಯ ಆ ಮೋಸಗಾರ. ಕಾಗದದ ತಾರೀಕು 1968. ಹಳದಿಯಾಗಿತ್ತು, ಮಡಿಕೆ ಹರಿದಿತ್ತು, ನೋಡಲು ಚೆನ್ನಾಗಿತ್ತು. 1,800 ರೂಪಾಯಿ ಕೊಟ್ಟು ಮನೆಗೆ ತಂದೆ. ರಾತ್ರಿ ಟೇಬಲ್ ದೀಪದ ಕೆಳಗೆ ಇಟ್ಟು ನೋಡಿದರೆ ವಿಳಾಸದ ಜಾಗದಲ್ಲಿ ಪಿನ್ ಕೋಡ್ ಬರೆಯಲು ಆರು ಚೌಕ ಅಚ್ಚಾಗಿವೆ. ನಮ್ಮ ದೇಶಕ್ಕೆ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆವತ್ತು ಊಟ ಸೇರಲಿಲ್ಲ. ಮತ್ತೊಂದು ಮಾತೂ ಆಗಲೇ ಹೊಳೆಯಿತು. ಬೇರೆಯವರ ಸಹಿ ಹಾಕುವುದೇ ಕಸುಬಾಗಿದ್ದ ಮನುಷ್ಯನ ನಿಜವಾದ ಸಹಿ ಯಾವುದು ಅಂತ ಯಾರು ಹೇಳಬೇಕು?

ಆವತ್ತಿನಿಂದ ಕೆಲವು ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಮೈಸೂರು ಸಂಸ್ಥಾನದ ಸ್ವಂತ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರಿದ್ದು 1889ರಲ್ಲಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ರಂದು. ಬಾಲ್ ಪೆನ್ ಮಾರುಕಟ್ಟೆಗೆ ಬಂದದ್ದೇ 1940ರ ದಶಕದಲ್ಲಿ. ನಕಲಿ ಮಾಡುವವರು ಕೈಬರಹಕ್ಕೆ ಕೊಡುವಷ್ಟು ಗಮನ ಇಂಥ ಸಣ್ಣ ವಿಷಯಕ್ಕೆ ಕೊಡುವುದಿಲ್ಲ.

ಕಾಗದವೇ ಸಾಕ್ಷಿ ಹೇಳಿದ ದೊಡ್ಡ ಪ್ರಕರಣ 1983ರದು. ಹಿಟ್ಲರನ ದಿನಚರಿ ಸಿಕ್ಕಿದೆ ಅಂತ ಜರ್ಮನಿಯ ಸ್ಟರ್ನ್ ಪತ್ರಿಕೆ ಸುಮಾರು 93 ಲಕ್ಷ ಮಾರ್ಕ್ ಸುರಿಯಿತು. ಬರೆದವನು ಕೊನ್ರಾಡ್ ಕುಯಾವ್ ಅನ್ನೋ ನಕಲಿಗಾರ. ಪರೀಕ್ಷೆ ಮಾಡಿದಾಗ ಕಾಗದದಲ್ಲಿ ಯುದ್ಧ ಮುಗಿದ ಮೇಲೆ ಬಳಕೆಗೆ ಬಂದ ಬಿಳುಪಿನ ರಾಸಾಯನಿಕ ಸಿಕ್ಕಿತು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಬೇರೆಯೇ. ಕೈಬರಹದ ತಜ್ಞರು ಮೊದಲು ಅಸಲಿ ಅಂತಲೇ ಹೇಳಿದ್ದರು. ಯಾಕೆ ಗೊತ್ತಾ? ಹೋಲಿಸಿ ನೋಡಲು ಅವರಿಗೆ ಕೊಟ್ಟ ಕಾಗದಗಳಲ್ಲೂ ಕುಯಾವ್ ಬರೆದ ನಕಲಿಗಳಿದ್ದವು! ಆದ್ದರಿಂದ ಕೈಬರಹ ಹೊಂದುತ್ತದೆ ಅಂತ ಯಾರಾದರೂ ಹೇಳಿದರೆ, ಯಾವುದರ ಜೊತೆ ಹೊಂದುತ್ತದೆ ಅಂತ ತಿರುಗಿ ಕೇಳಿ. ಹೋಲಿಕೆಯ ಕಾಗದ ಗ್ರಂಥಾಲಯದಿಂದಲೋ ಪತ್ರಾಗಾರದಿಂದಲೋ ಬಂದಿರಬೇಕು. ಮಾರುವವರ ಪೆಟ್ಟಿಗೆಯಿಂದಲೇ ಬಂದಿದ್ದರೆ ಅದಕ್ಕೆ ಅರ್ಥ ಇಲ್ಲ.

ಇನ್ನೊಂದು ಪ್ರಕರಣ ಅಮೆರಿಕದ ಮಾರ್ಕ್ ಹಾಫ್‌ಮನ್‌ದು. ಹಳೇ ಧಾರ್ಮಿಕ, ಚಾರಿತ್ರಿಕ ಕಾಗದಗಳನ್ನು ಸೃಷ್ಟಿಸಿ ಮಾರುತ್ತಿದ್ದ. ಗುಟ್ಟು ಬಯಲಾಗುವ ಹಾಗೆ ಆದಾಗ 1985ರ ಅಕ್ಟೋಬರ್ 15ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಂಬ್ ಇಟ್ಟು ಇಬ್ಬರನ್ನು ಕೊಂದ. ಸ್ಟೀವನ್ ಕ್ರಿಸ್ಟೆನ್ಸನ್ ಮತ್ತು ಕ್ಯಾಥ್ಲೀನ್ ಶೀಟ್ಸ್. ಬಲವಂತವಾಗಿ ಹಳೆಯದಾಗಿಸಿದ ಅವನ ಶಾಯಿ ಸೂಕ್ಷ್ಮದರ್ಶಕದ ಕೆಳಗೆ ಬೇಸಿಗೆಯ ಕೆರೆ ಏರಿಯ ಹಾಗೆ ಬಿರುಕು ಬಿಟ್ಟಿತ್ತು. ಈಗ ಅವನು ಮಾಡಿದ ನಕಲಿಗಳನ್ನೇ ನಕಲಿ ಅಂತ ಗೊತ್ತಿದ್ದೂ ಕೊಳ್ಳುವವರಿದ್ದಾರೆ. ನನಗೆ ಅದು ಬೇಡ. ಆ ಕಾಗದಗಳಿಗಾಗಿ ಎರಡು ಜೀವ ಹೋಗಿವೆ.

ಎಲ್ಲ ಅನುಮಾನವೂ ತೀರುತ್ತದೆ ಅಂತ ಅಂದುಕೊಳ್ಳಬೇಡಿ. ದರೋಡೆಕೋರ ಕ್ಲೈಡ್ ಬ್ಯಾರೊ 1934ರ ಏಪ್ರಿಲ್‌ನಲ್ಲಿ ಹೆನ್ರಿ ಫೋರ್ಡ್‌ಗೆ ಬರೆದ ಅನ್ನೋ ಕಾಗದ ಬಹಳ ಹೆಸರಾದದ್ದು. ನಿಮ್ಮ ವಿ8 ಕಾರು ಬಲು ಚೆನ್ನಾಗಿದೆ, ಕದಿಯಲು ಸಿಕ್ಕಾಗಲೆಲ್ಲ ಅದನ್ನೇ ಓಡಿಸುತ್ತೇನೆ ಅನ್ನೋ ಅರ್ಥದ ಕಾಗದ. ಫೋರ್ಡ್ ಮ್ಯೂಸಿಯಂನಲ್ಲೇ ಇದೆ. ಆದರೂ ಕೈಬರಹ ಕ್ಲೈಡ್‌ನದಲ್ಲ ಅನ್ನೋ ವಾದ ಇನ್ನೂ ನಿಂತಿಲ್ಲ.

ಮನೆಯಲ್ಲೇ ಏನು ಪರೀಕ್ಷೆ ಮಾಡಬಹುದು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನೋಟು ನೋಡುವ ನೇರಳೆ ಬೆಳಕಿನ ಟಾರ್ಚು. ಇಷ್ಟು ಸಾಕು. ಆ ಬೆಳಕಿಗೆ ಕಾಗದ ಟ್ಯೂಬ್‌ಲೈಟಿನ ಹಾಗೆ ನೀಲಿಯಾಗಿ ಹೊಳೆದರೆ ಅದು 1950ಕ್ಕಿಂತ ಹಿಂದಿನದು ಆಗಿರುವುದು ಕಷ್ಟ. ಭೂತಗನ್ನಡಿಯಲ್ಲಿ ಸಹಿಯ ಗೆರೆ ನೋಡಿ. ತನ್ನ ಹೆಸರನ್ನು ತಾನೇ ಬರೆಯುವವನ ಕೈ ಓಡುತ್ತದೆ. ನೋಡಿ ಬರೆಯುವವನ ಕೈ ನಿಂತು ನಿಂತು ಹೋಗುತ್ತದೆ, ನಡುವೆ ಶಾಯಿ ಗುಡ್ಡೆ ಕಟ್ಟುತ್ತದೆ. ಜೈಲಿನಿಂದ ಬಂದ ಕಾಗದವಾದರೆ ಪರಿಶೀಲನೆಯ ಮೊಹರು, ಕೈದಿ ನಂಬರು ಹುಡುಕಿ. ಜೈಲಿನಲ್ಲಿ ಯಾರೂ ಓದದೆ ಹೊರಗೆ ಬಿಟ್ಟ ಕಾಗದ ಅಪರೂಪ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕಾಗದದ ಜಾತಕ. ಯಾರಿಗೆ ಬರೆದದ್ದು, ಅವರಿಂದ ಯಾರಿಗೆ ಹೋಯಿತು, ಯಾವ ಹರಾಜಿನಲ್ಲಿ ಬಂತು, ರಸೀದಿ ಎಲ್ಲಿ? ಒಂದು ಕೊಂಡಿ ತಪ್ಪಿದರೂ ಬೆಲೆ ಇಳಿಯಬೇಕು. ಎರಡು ತಪ್ಪಿದರೆ ನಾನು ಎದ್ದು ಬರುತ್ತೇನೆ.

ಕಾನೂನು ಏನು ಹೇಳುತ್ತದೆ? ಪೊಲೀಸರು ಬಂದರೆ?

ಅಪರಾಧಿಯ ಹಳೇ ಕಾಗದ ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು ಅನ್ನೋ ಕಾನೂನು ನಮ್ಮಲ್ಲಿಲ್ಲ. ಅದು ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ.

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಚಾರಿತ್ರಿಕ ಬೆಲೆ ಇರುವ ಕೈಬರಹ, ದಾಖಲೆಗಳೂ ಪುರಾತನ ವಸ್ತುವೇ. ಬೇರೆ ವಸ್ತುಗಳಿಗೆ ಈ ಮಿತಿ 100 ವರ್ಷ. ಅಂಥದ್ದನ್ನು ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ. ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಹೊರದೇಶದಿಂದ ತರಿಸಿದರೆ ಬಿಲ್ಲು, ಕಸ್ಟಮ್ಸ್ ರಸೀದಿ ಜೋಪಾನ ಮಾಡಿ.

ಬಂದೂಕು, ಪಿಸ್ತೂಲಿನ ಆಸೆ ಬೇಡ. ಶಸ್ತ್ರಾಸ್ತ್ರ ಕಾಯ್ದೆ ಇದೆ. ಇನ್ನು ವೀರಪ್ಪನ್ ಕಾಲದ್ದು ಅಂತ ಯಾರಾದರೂ ಆನೆ ದಂತದ ಚೂರು ತೋರಿಸಿದರೆ ಮುಟ್ಟಲೇಬೇಡಿ. ದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದೊಡ್ಡ ಅಪರಾಧ. ಅದು ನೆನಪಿನ ವಸ್ತುವಂತೂ ಅಲ್ಲ, ಸತ್ತ ಆನೆಯ ಹಲ್ಲು.

ಗುಜರಿಯಲ್ಲಿ ಹಳೇ ಕೇಸ್ ಫೈಲ್ ಸಿಕ್ಕರೆ ಕೊಳ್ಳಬಹುದಾ?

ಬೇಡ. ರದ್ದಿಯ ಜೊತೆ ಅಂಥದ್ದು ಬರುತ್ತದೆ, ನಿಜ. ಕೇಸ್ ಡೈರಿ, ಹೇಳಿಕೆಯ ಹಾಳೆ, ಮುದ್ದೆಮಾಲಿನ ಚೀಟಿ, ಅಂದರೆ ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುವಿಗೆ ಕಟ್ಟಿದ ಚೀಟಿ. ಅವು ಸರ್ಕಾರದ ಸ್ವತ್ತು. ಕೇಂದ್ರ ಸರ್ಕಾರದ ದಾಖಲೆಗಳನ್ನು ಕಾನೂನು ಮೀರಿ ದೇಶದ ಹೊರಗೆ ಸಾಗಿಸಿದರೆ, ನಾಶ ಮಾಡಿದರೆ 1993ರ ಸಾರ್ವಜನಿಕ ದಾಖಲೆ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಇದೆ, ಎರಡನ್ನೂ ಹಾಕಬಹುದು. ಕಾಯ್ದೆ ಹಾಗಿರಲಿ, ಆ ಹೇಳಿಕೆಗಳಲ್ಲಿ ಹೆಣ್ಣುಮಕ್ಕಳ ಹೆಸರಿರುತ್ತದೆ, ಹೆದರಿ ಸಾಕ್ಷಿ ಹೇಳಿದವರ ಮನೆ ವಿಳಾಸ ಇರುತ್ತದೆ.

ಮಂಡ್ಯದ ಒಬ್ಬ ಹಿರಿಯ ತಾಯಿ ಒಮ್ಮೆ ಟ್ರಂಕು ತೆಗೆದು ತೋರಿಸಿದರು. ಅವರ ಯಜಮಾನರು ಇಲಾಖೆಯಲ್ಲಿ ಇದ್ದವರು, ತೀರಿಹೋಗಿದ್ದರು. ಒಳಗೆ ಠಾಣೆಯ ಕಾಗದಗಳು. "ನೀವೇ ಇಟ್ಕೊಳ್ಳಿ, ನನಗೇನು ಮಾಡೋದು ಗೊತ್ತಾಗಲ್ಲ" ಅಂದರು. ಆಸೆ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ನಾವಿಬ್ಬರೂ ಕೂತು ಪಟ್ಟಿ ಮಾಡಿದೆವು. ಅವರ ಮಗನ ಕೈಲಿ ಒಂದು ಅರ್ಜಿ ಬರೆಸಿ, ಕಾಗದವನ್ನೆಲ್ಲ ವಾಪಸು ಕೊಟ್ಟು, ಸ್ವೀಕೃತಿ ತೆಗೆದುಕೊಂಡೆವು. ಯಜಮಾನರ ಸ್ವಂತ ಡೈರಿ, ಫೋಟೊ ಮಾತ್ರ ಅವರ ಹತ್ತಿರವೇ ಉಳಿಯಿತು. ಹಾಗೇ ಉಳಿಯಬೇಕು ಕೂಡ.

ಕಳೆದುಹೋದ ದಾಖಲೆ ವಾಪಸು ಬಂದ ಉದಾಹರಣೆ ಲಂಡನ್ನಿನಲ್ಲೂ ಇದೆ. ಅಲ್ಲಿನ ಸರಣಿ ಕೊಲೆಗಾರನಿಗೆ ಜ್ಯಾಕ್ ದಿ ರಿಪ್ಪರ್ ಅನ್ನೋ ಹೆಸರು ಮೊದಲು ಬಳಕೆಗೆ ಬಂದ ಕಾಗದ 1888ರ ಸೆಪ್ಟೆಂಬರ್ 27ರಂದು ಒಂದು ಸುದ್ದಿ ಸಂಸ್ಥೆಗೆ ತಲುಪಿತ್ತು. ಅದು ಪೊಲೀಸ್ ಫೈಲಿನಿಂದ ಎಷ್ಟೋ ಕಾಲ ಕಾಣೆಯಾಗಿತ್ತು. 1987ರಲ್ಲಿ ಯಾರೋ ಹೆಸರು ಹೇಳದೆ ಅಂಚೆಯಲ್ಲಿ ವಾಪಸು ಕಳಿಸಿದರು. ಈಗ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ಬೆಲೆ ಎಷ್ಟಿರುತ್ತದೆ?

ಹೊರದೇಶದ ಹರಾಜಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಮೇಲೆ ಹೇಳಿದ ಕಪೋನ್ ಕಾಗದ 2016ರಲ್ಲಿ 62,500 ಡಾಲರಿಗೆ ಹೋಯಿತು. ಅವನ ಪಿಸ್ತೂಲು 2021ರಲ್ಲಿ 8,60,000 ಡಾಲರ್. ಕ್ಲೈಡ್ ಬ್ಯಾರೊ ಮತ್ತು ಅವನ ಜೊತೆಗಾತಿ ಬಾನಿ ಸತ್ತಾಗ ಮೈಮೇಲಿದ್ದ ಎರಡು ಪಿಸ್ತೂಲು 2012ರಲ್ಲಿ ಒಟ್ಟು 5,04,000 ಡಾಲರ್. ಇವಕ್ಕಿಂತ ಮೇಲೆ ಹೋದದ್ದು ಯಾವುದು ಗೊತ್ತಾ? 1881ರಲ್ಲಿ ಬಿಲ್ಲಿ ದಿ ಕಿಡ್ ಅನ್ನೋ ಕಳ್ಳನನ್ನು ಗುಂಡಿಟ್ಟು ಕೊಂದ ಪೊಲೀಸ್ ಅಧಿಕಾರಿ, ಶೆರಿಫ್ ಪ್ಯಾಟ್ ಗ್ಯಾರೆಟ್ ಅವರ ಪಿಸ್ತೂಲು, 60 ಲಕ್ಷ ಡಾಲರ್. ಕಳ್ಳನದಲ್ಲ, ಹಿಡಿಯಲು ಹೋದವರದು.

ನಮ್ಮ ಕಡೆ ಇದಕ್ಕೆ ಸಿದ್ಧ ಮಾರುಕಟ್ಟೆ ಇಲ್ಲ. ಕೇಳುವವರ ಆಸೆ ನೋಡಿ ಬೆಲೆ ಹೇಳುತ್ತಾರೆ. ಹೂಡಿಕೆ ಅಂತ ಯಾರೂ ಇದಕ್ಕೆ ಬರಬೇಡಿ. ದುಡ್ಡು ಬೆಳೆಯಬೇಕಾದರೆ ಬ್ಯಾಂಕಿದೆ.

ಈಗ ಜೈಲಿನಲ್ಲಿ ಇರುವವರಿಗೆ ಬರೆದು ಸಹಿ ತರಿಸಬಹುದಾ?

ನಾನು ಮಾಡುವುದಿಲ್ಲ, ಮಾಡಿ ಅಂತಲೂ ಹೇಳುವುದಿಲ್ಲ. ನೀವು ಬರೆದರೆ ಅವರು ಸ್ಟಾರ್ ಆಗುತ್ತಾರೆ. ದುಡ್ಡು ಕೊಟ್ಟರಂತೂ ಕೊಲೆಗೆ ಸಂಬಳ ಕೊಟ್ಟ ಹಾಗೆ.

ನ್ಯೂಯಾರ್ಕಿನಲ್ಲಿ ಡೇವಿಡ್ ಬರ್ಕೊವಿಟ್ಜ್ ಅನ್ನೋ ಸರಣಿ ಕೊಲೆಗಾರ ಸಿಕ್ಕಿಬಿದ್ದ ಮೇಲೆ, ಅವನು ತನ್ನ ಕಥೆ ಮಾರಿ ದುಡ್ಡು ಮಾಡಿಕೊಳ್ಳಬಾರದು ಅಂತ 1977ರಲ್ಲಿ ಕಾನೂನು ತಂದರು. ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಅಲ್ಲಿನ ಸುಪ್ರೀಂ ಕೋರ್ಟು 1991ರಲ್ಲಿ ಅದನ್ನು ತಳ್ಳಿಹಾಕಿತು. ಆಮೇಲೆ ತಿದ್ದಿದ ಕಾನೂನು ಬಂತು. ಟೆಡ್ ಕಜಿನ್‌ಸ್ಕಿ ವಿಷಯದಲ್ಲಿ ಮಾಡಿದ್ದು ನನಗೆ ಸರಿ ಅನ್ನಿಸುತ್ತದೆ. ಅಂಚೆಯಲ್ಲಿ ಬಾಂಬ್ ಕಳಿಸಿ 3 ಜನರನ್ನು ಕೊಂದು 23 ಜನರನ್ನು ಗಾಯ ಮಾಡಿದವನು ಅವನು. ಕೋರ್ಟಿನ ಆದೇಶದ ಮೇಲೆ 2011ರಲ್ಲಿ ಅವನ ಟೈಪ್‌ರೈಟರ್, ಕೈಬರಹ, ಬಟ್ಟೆ ಎಲ್ಲ ಸರ್ಕಾರವೇ ಹರಾಜು ಹಾಕಿತು. ಬಂದ ಸುಮಾರು 2,32,000 ಡಾಲರ್ ನೊಂದವರಿಗೆ ಹೋಯಿತು. ಒಂದು ಪೈಸೆಯೂ ಅವನಿಗೆ ಸಿಗಲಿಲ್ಲ.

ಸತ್ತವರ ಮನೆಯವರಿಗೆ ಇದರಿಂದ ನೋವಾಗಲ್ವಾ?

ಆಗುತ್ತದೆ. ಇದಕ್ಕೆ ಅಡ್ಡದಾರಿ ಉತ್ತರ ಇಲ್ಲ.

ಕೊಲೆಗಾರರ ವಸ್ತುಗಳ ಈ ವ್ಯಾಪಾರಕ್ಕೆ ಇಂಗ್ಲಿಷಿನಲ್ಲಿ ಮರ್ಡರ್‌ಬಿಲಿಯಾ ಅಂತ ಹೆಸರು. ಆ ಹೆಸರಿಟ್ಟವರೇ ಅದನ್ನು ವಿರೋಧಿಸಿದವರು. ಹ್ಯೂಸ್ಟನ್ನಿನ ಆಂಡಿ ಕಹಾನ್, ನೊಂದವರ ಪರ ಕೆಲಸ ಮಾಡುತ್ತಿದ್ದವರು. ಇಂಥವರ ಒತ್ತಾಯದಿಂದ 2001ರಲ್ಲಿ ಇಬೇ ಅನ್ನೋ ಆನ್‌ಲೈನ್ ಹರಾಜಿನ ತಾಣ ಇಂಥ ವಸ್ತುಗಳ ಮಾರಾಟ ನಿಲ್ಲಿಸಿತು. 33 ಜನರನ್ನು ಕೊಂದ ಜಾನ್ ವೇಯ್ನ್ ಗೇಸಿ ಜೈಲಿನಲ್ಲಿ ಕೂತು ಜೋಕರ್ ಚಿತ್ರ ಬಿಡಿಸುತ್ತಿದ್ದ, ಅವು ಮಾರಾಟವೂ ಆಗುತ್ತಿದ್ದವು. 1994ರ ಮೇ 10ರಂದು ಅವನಿಗೆ ಮರಣದಂಡನೆ ಆಯಿತು. ಅದಾದ ಮುಂದಿನ ತಿಂಗಳು ಅವನ 25 ಚಿತ್ರಗಳನ್ನು ಕೊಂಡವರು ಬೆಂಕಿ ಹಾಕಿ ಸುಟ್ಟರು. ಸತ್ತ ಹುಡುಗರ ಮನೆಯವರು ಸುತ್ತ ನಿಂತಿದ್ದರು.

ನಾನು ಕಾಗದ ಉಳಿಸುವವನು. ಆದರೂ ಆ ಬೆಂಕಿಯನ್ನು ತಪ್ಪು ಅನ್ನಲು ನನ್ನ ಬಾಯಿ ಬರುವುದಿಲ್ಲ. ಆ ಹುಡುಗರ ಅಮ್ಮಂದಿರು ಬದುಕಿರುವಾಗ ಆ ಚಿತ್ರ ಯಾರದೋ ಹಾಲ್‌ನಲ್ಲಿ ತೂಗುವುದು ಹೇಗೆ ಸರಿ? ಅದಕ್ಕೇ ನಾನು ಗಡಿ ಹಾಕಿಕೊಂಡಿದ್ದೇನೆ. ಹತ್ತಿರದವರು ಬದುಕಿರುವ ಪ್ರಕರಣದಲ್ಲಿ ಅಪರಾಧಿಯ ಕೈಯಿಂದ ಬಂದದ್ದು ಏನನ್ನೂ ಕೊಳ್ಳುವುದಿಲ್ಲ. ಪತ್ರಿಕೆ, ತೀರ್ಪು, ಪೋಸ್ಟರ್ ಅಷ್ಟೇ. ಕೂದಲು, ರಕ್ತದ ಬಟ್ಟೆ, ಕೊಲೆಗೆ ಬಳಸಿದ ವಸ್ತು ಯಾವ ಕಾಲದ್ದಾದರೂ ಬೇಡ. 1829ರಲ್ಲಿ ಎಡಿನ್‌ಬರೋದಲ್ಲಿ ನೇಣಿಗೇರಿದ ಕೊಲೆಗಾರ ವಿಲಿಯಂ ಬರ್ಕ್‌ನ ಚರ್ಮದಿಂದ ಮಾಡಿದ ಸಣ್ಣ ಪುಸ್ತಕದ ಹೊದಿಕೆ ಇಂದಿಗೂ ಅಲ್ಲಿನ ಮ್ಯೂಸಿಯಂನಲ್ಲಿದೆ. ಅದರ ಫೋಟೊ ನೋಡಿದ ದಿನವೇ ಈ ಗಡಿ ಗಟ್ಟಿಯಾಯಿತು.

ಬ್ರಿಟಿಷರು ಅಪರಾಧಿ ಅಂದವರೆಲ್ಲ ಅಪರಾಧಿಗಳಾ?

ಅಲ್ಲ. ಹಳೇ ಕಾಗದ ಓದುವಾಗ ಇದನ್ನು ಮರೆಯಬಾರದು. ಧೊಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಇದ್ದವನು. 1799ರ ಮೇ 4ರಂದು ಕೋಟೆ ಬಿದ್ದಾಗ ಹೊರಬಂದು ದಂಡು ಕಟ್ಟಿದ. ಕಂಪನಿಯವರ ಕಾಗದಗಳಲ್ಲಿ ಅವನು ಬರೀ ಲೂಟಿಕೋರ. ಅವನ ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. 1800ರ ಸೆಪ್ಟೆಂಬರ್‌ನಲ್ಲಿ ಧೊಂಡಿಯ ಸತ್ತ. ಅವನ ಚಿಕ್ಕ ಮಗನನ್ನು ಸಾಕಲು ದುಡ್ಡು ಕೊಟ್ಟವನೂ ವೆಲ್ಲೆಸ್ಲಿಯೇ. ಇಂದು ಧೊಂಡಿಯನನ್ನು ಬ್ರಿಟಿಷರ ವಿರುದ್ಧ ಎದ್ದವರ ಸಾಲಿನಲ್ಲಿ ನಿಲ್ಲಿಸುತ್ತಾರೆ.

ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಹಾರಿಸಿದವರೂ ಆವತ್ತಿನ ಕಾನೂನಿನ ಲೆಕ್ಕದಲ್ಲಿ ಆರೋಪಿಗಳೇ. ಅವರ ಬಂಧನದ ಕಾಗದ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕುಖ್ಯಾತರ ಫೈಲಿಗೆ ಸೇರಿಸಬೇಡಿ. ಅದಕ್ಕೆ ಬೇರೆ ಪೆಟ್ಟಿಗೆ ಬೇಕು.

ಮನೆಯಲ್ಲಿ ಇಟ್ಟರೆ ಕೆಟ್ಟದ್ದಾಗುತ್ತಾ?

ಹದಿನೆಂಟು ವರ್ಷದಲ್ಲಿ ಆಗಿಲ್ಲ. ಆದರೆ ಮನೆಯವರ ಮನಸ್ಸಿಗೆ ಬೆಲೆ ಕೊಡಿ. ಅಮ್ಮ ಹೇಳಿದ್ದು ಇಷ್ಟೇ: "ದೇವರ ಮನೆ ಗೋಡೆಗೆ ತಾಗಿದ ಹಾಗೆ ಇಡಬೇಡಪ್ಪ." ಬೀರುವನ್ನು ಆಚೆ ಕೋಣೆಗೆ ಸಾಗಿಸಿದೆ. ಗೋಡೆಗೆ ತೂಗುಹಾಕುವುದನ್ನೂ ಯಾವತ್ತೂ ಮಾಡಿಲ್ಲ. ಹಾರ ಹಾಕಿದ ಫೋಟೊಗಳ ಸಾಲಿನಲ್ಲಿ ಕೊಲೆಗಾರನ ಸಹಿ ಇರಬಾರದು. ಮಕ್ಕಳಿಗೆ ತೋರಿಸುವುದಾದರೆ ಪಕ್ಕದಲ್ಲಿ ಕೂತು, ಸತ್ತವರ ಹಾಳೆಯಿಂದಲೇ ಶುರು ಮಾಡಿ.

ಕಾಗದ ಹಾಳಾಗದ ಹಾಗೆ ಇಡೋದು ಹೇಗೆ?

ಲ್ಯಾಮಿನೇಷನ್ ಮಾಡಿಸಬೇಡಿ. ಮಾಡಿಸಿದರೆ ಅದು ಸತ್ತ ಹಾಗೆ, ಮತ್ತೆ ಬಿಡಿಸಲು ಆಗುವುದಿಲ್ಲ. ಹರಿದ ಕಡೆ ಸೆಲ್ಲೋಟೇಪ್ ಹಾಕಬೇಡಿ, ಕೆಲವೇ ವರ್ಷದಲ್ಲಿ ಕಂದು ಕಲೆ ಬಿಟ್ಟು ಕಾಗದವನ್ನೇ ತಿನ್ನುತ್ತದೆ. ಪಿನ್ನು, ಸ್ಟೇಪಲ್ ತುಕ್ಕು ಹಿಡಿಯುತ್ತವೆ, ತೆಗೆದುಬಿಡಿ. ಆಮ್ಲ ಇಲ್ಲದ ಕಾಗದದ ಫೋಲ್ಡರ್ ಅಥವಾ ಪಾಲಿಯೆಸ್ಟರ್ ಹಾಳೆಯ ಚೀಲ ಒಳ್ಳೆಯದು. ವಾಸನೆ ಬರುವ ಮಾಮೂಲಿ ಪ್ಲಾಸ್ಟಿಕ್ ಬೇಡ, ಅದಕ್ಕೆ ಶಾಯಿ ಅಂಟಿಕೊಳ್ಳುತ್ತದೆ. ಹಳೇ ಕಾಲದ ಕಬ್ಬಿಣದ ಶಾಯಿ ತಾನೇ ಕಾಗದವನ್ನು ಕೊರೆಯುತ್ತದೆ. ಅಂಥದ್ದನ್ನು ಮಡಿಸದೆ ಚಪ್ಪಟೆಯಾಗಿ ಇಡಿ.

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲದ ತೇವ ಮತ್ತು ಗೆದ್ದಲು. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ, ನೆಲಕ್ಕೆ ತಾಗದ ಹಾಗೆ ಎತ್ತರಿಸಿ. ಬಿಸಿಲು ಬಂದ ದಿನ ಬಾಗಿಲು ತೆಗೆದು ಗಾಳಿಯಾಡಿಸಿ, ಆದರೆ ಕಾಗದವನ್ನು ಬಿಸಿಲಿಗೆ ಹಿಡಿಯಬೇಡಿ. ಓಲೆಗರಿಗೆ ಹಚ್ಚುವ ಎಣ್ಣೆಯನ್ನು ಕಾಗದಕ್ಕೂ ಹಚ್ಚಬಹುದಾ ಅಂತ ಒಬ್ಬರು ಕೇಳಿದ್ದರು. ಖಂಡಿತ ಬೇಡ. ಅದು ಗರಿಗೆ ಮಾತ್ರ.

ಕಾಗದದ ಫೋಟೊ ಫೇಸ್‌ಬುಕ್ಕಿಗೆ ಹಾಕಬಹುದಾ?

ಕಾಗದ ನಿಮ್ಮದಾದರೂ ಅದರಲ್ಲಿರುವ ಮಾತಿನ ಹಕ್ಕು ಬರೆದವರದು. ಸಾಮಾನ್ಯವಾಗಿ ಅವರು ಸತ್ತ ಮೇಲೂ 60 ವರ್ಷ ಅದು ವಾರಸುದಾರರದು. ಇನ್ನೊಂದು, ಕಾಗದದಲ್ಲಿ ಬರುವ ಮೂರನೆಯವರ ಹೆಸರು, ವಿಳಾಸ ಮುಚ್ಚಿ. ಲೈಕಿಗೋಸ್ಕರ ಸಹಿ ಮಾತ್ರ ಕತ್ತರಿಸಿ ಹಾಕುವುದು ನನಗೆ ಇಷ್ಟ ಇಲ್ಲ.

ಮೈಸೂರಿನಲ್ಲಿ ಎಲ್ಲಿಂದ ಶುರು ಮಾಡಲಿ?

ದುಡ್ಡು ಖರ್ಚು ಮಾಡದೆ ಶುರು ಮಾಡಿ. ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ. ಅರ್ಜಿ ಕೊಟ್ಟು ಹಳೇ ದಾಖಲೆ ಕೂತು ನೋಡಬಹುದು. ಅಸಲಿ ಕಾಗದ, ಅಸಲಿ ಮೊಹರು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗುತ್ತದೆ. ಒಂದು ವಾರ ಅಲ್ಲಿ ಕೂತರೆ ಗುಜರಿಯಲ್ಲಿ ಮೋಸ ಹೋಗುವುದು ಅರ್ಧ ಕಡಿಮೆ ಆಗುತ್ತದೆ. ತೀರ್ಪು ಬೇಕಿದ್ದರೆ ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ. ಪ್ರಜಾವಾಣಿ, ಆಂದೋಲನ, ಮೈಸೂರು ಮಿತ್ರ ಪತ್ರಿಕೆಗಳ ಹಳೇ ಸಂಚಿಕೆ ರದ್ದಿಯಲ್ಲಿ ಇನ್ನೂ ಸಿಗುತ್ತವೆ. ಸುಮ್ನೆ ಒಂದು ದಿನದ ಪತ್ರಿಕೆ ಕೊಳ್ಳಬೇಡಿ, ಘಟನೆಯ ಮರುದಿನದಿಂದ ಒಂದು ವಾರದ್ದು ಕೊಳ್ಳಿ. ಮೊದಲ ದಿನ ಅಪರಾಧಿಯ ಹೆಸರು ದೊಡ್ಡದಾಗಿ ಇರುತ್ತದೆ. ಸತ್ತವರ ಮನೆ, ಊರು, ಮಕ್ಕಳ ವಿಷಯ ಬರುವುದು ಮೂರನೇ, ನಾಲ್ಕನೇ ದಿನ, ಒಳಪುಟದಲ್ಲಿ.

ಸಮಯ ಇದ್ದರೆ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಹೋಗಿ ಬನ್ನಿ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಅರ್ಥಶಾಸ್ತ್ರದ ಓಲೆಗರಿ ಇರುವುದು ಅಲ್ಲೇ. ಅದರ ನಾಲ್ಕನೇ ಅಧಿಕರಣದ ಹೆಸರು ಕಂಟಕಶೋಧನ, ಅಂದರೆ ಸಮಾಜದ ಮುಳ್ಳು ಹುಡುಕಿ ತೆಗೆಯುವುದು. ಕಳ್ಳರನ್ನು, ಮೋಸಗಾರರನ್ನು ಪತ್ತೆ ಮಾಡುವ ಬಗೆ ಅದರಲ್ಲಿದೆ.

ನಿಮ್ಮ ಸಂಗ್ರಹ ನೋಡಬಹುದಾ? ನಿಮ್ಮ ನಂತರ ಅದು ಏನಾಗುತ್ತದೆ?

ಖಂಡಿತ ನೋಡಬಹುದು. ಚರಿತ್ರೆ ಓದುವ ವಿದ್ಯಾರ್ಥಿಗಳು, ಕಾನೂನು ಓದುವವರು ಬರುತ್ತಾರೆ. ಭಾನುವಾರ ಬೆಳಗ್ಗೆ ಹತ್ತರ ಮೇಲೆ ಬಂದರೆ ಒಳ್ಳೆಯದು, ಆಗ ಹಾಲ್‌ನ ಮೇಜು ಖಾಲಿ ಇರುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಪೆನ್ನು ಹೊರಗಿಟ್ಟು ಪೆನ್ಸಿಲ್ ತರಬೇಕು. ಫೈಲಿನ ಮೊದಲ ಹಾಳೆ ಓದಿದ ಮೇಲೆಯೇ ಎರಡನೆಯದು ತಿರುಗಿಸಬೇಕು.

ನನ್ನ ನಂತರ ಬಿಡಿ ಬಿಡಿಯಾಗಿ ಮಾರಬಾರದು ಅಂತ ಮಗಳಿಗೆ ಬರೆದುಕೊಟ್ಟಿದ್ದೇನೆ. ಯಾವುದಾದರೂ ಗ್ರಂಥಾಲಯ ಇಡಿಯಾಗಿ ತೆಗೆದುಕೊಂಡರೆ ಕೊಡಬೇಕು, ಸತ್ತವರ ಹಾಳೆಗಳನ್ನು ಬೇರೆ ಮಾಡುವುದಿಲ್ಲ ಅಂತ ಬರೆಸಿಕೊಂಡು ಕೊಡಬೇಕು. ಆ ಕಾಗದಕ್ಕೆ ಅವಳೂ ಸಹಿ ಹಾಕಿದ್ದಾಳೆ.